ನ್ಯೂಟನ್ ಎಣಿಸಿದ ಎರಡು-ಮೂರು ನಿಮಿಷಗಳು

ಕಾರಿಗೆ ಹೊಳಪು ಕೊಡುವ ಕೆಲಸಗಾರನನ್ನು ನೀವು ಗಮನಿಸಿದ್ದೀರಾ? ಮೆತ್ತನೆಯ ಬಿಲ್ಲೆಗೆ ನಾಲ್ಕು ಹನಿ ಪಾಲಿಷ್ ಹಾಕಿ, ಯಂತ್ರವನ್ನು ಬಾನೆಟ್ಟಿನ ಮೇಲೆ ಅತ್ತಿತ್ತ ಆಡಿಸುತ್ತಾನೆ. ಕೆಲವು ನಿಮಿಷಗಳಾದ ಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿ, ಬಟ್ಟೆಯಿಂದ ಒರೆಸುತ್ತಾನೆ. ಮೊದಲೇ ನಿಲ್ಲಿಸಿದರೆ ಮಂಜು ಕವಿದಂಥ ಮಸುಕು ಉಳಿಯುತ್ತದೆ. ತಡವಾದರೆ ಪಾಲಿಷ್ ಒಣಗಿ, ಪುಡಿ ಹಾರಿ, ಬಣ್ಣದ ಮೇಲೆ ಹೊಸ ಗೀರುಗಳು ಬೀಳುತ್ತವೆ. ಈ ನಡುವಿನ ಅವಧಿಯನ್ನು ಪಾಲಿಷಿನ 'ಕೆಲಸದ ಅವಧಿ' ಎನ್ನಬಹುದು. ಅದನ್ನು ನಿರ್ಧರಿಸುವುದು ಯಾವುದು? ಈ ಪ್ರಶ್ನೆಯ ಹಿಂದೆ ಮುನ್ನೂರು ವರ್ಷಗಳಿಗೂ ಮೀರಿದ ಚರ್ಚೆಯೊಂದು ಅಡಗಿದೆ.

1704ರಲ್ಲಿ ಪ್ರಕಟವಾದ 'ಆಪ್ಟಿಕ್ಸ್' ಗ್ರಂಥದಲ್ಲಿ ಐಸಾಕ್ ನ್ಯೂಟನ್ ತಮ್ಮ ದೂರದರ್ಶಕದ ಲೋಹದರ್ಪಣವನ್ನು ಹೇಗೆ ನಯಗೊಳಿಸಿದೆನೆಂದು ವಿವರವಾಗಿ ಬರೆದಿದ್ದಾರೆ. ದರ್ಪಣದ ಅಗಲ ಎರಡು ಅಂಗುಲ. ಉಬ್ಬಿದ ತಾಮ್ರದ ತಟ್ಟೆಗೆ ಡಾಂಬರಿನಂಥ ಪಿಚ್ ಎಂಬ ರಾಳವನ್ನು ತೆಳ್ಳಗೆ ಬಳಿದು, ಅದರ ಮೇಲೆ ತವರದ ಆಕ್ಸೈಡಿನ ನಯವಾದ ಪುಡಿಯನ್ನು ಹಾಕಿದರು. ಮೊದಲು ಇನ್ನೊಂದು ತಾಮ್ರದ ತಟ್ಟೆಯಿಂದ, ಸದ್ದು ನಿಲ್ಲುವವರೆಗೆ ಅದನ್ನು ಅರೆದರು. ಆಮೇಲೆ ದರ್ಪಣವನ್ನು ಇಟ್ಟು, ಒತ್ತಿ ಹಿಡಿದು, ಎರಡು-ಮೂರು ನಿಮಿಷ ಚುರುಕಾಗಿ ಉಜ್ಜಿದರು. ಮತ್ತೆ ಹೊಸ ಪುಡಿ, ಮತ್ತೆ ಅದೇ ಕ್ರಮ. ಕೊನೆಯ ಸುತ್ತಿನಲ್ಲಿ ಮಾತ್ರ ಹೊಸ ಪುಡಿ ಹಾಕಲಿಲ್ಲ. ಪಿಚ್ ಒಣಗದಂತೆ ಆಗಾಗ ಅದರ ಮೇಲೆ ಉಸಿರು ಬಿಡುತ್ತಾ, ಬಲವನ್ನೆಲ್ಲ ಹಾಕಿ ಬಹಳ ಹೊತ್ತು ಉಜ್ಜಿದರು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಸದ್ದು ನಿಂತಿತೆಂದರೆ ಒರಟು ಕಣಗಳು ಒಡೆದಿವೆ ಇಲ್ಲವೆ ಪಿಚ್‌ನಲ್ಲಿ ಹುದುಗಿವೆ ಎಂದು ಅರ್ಥ. ಎರಡು-ಮೂರು ನಿಮಿಷಗಳ ಮಿತಿಯೆಂದರೆ ಪುಡಿಯ ಶಕ್ತಿ ಅಷ್ಟಕ್ಕೇ ಮುಗಿಯುತ್ತದೆ. ಉಸಿರಿನ ತೇವವೆಂದರೆ ದ್ರವ ಆರಿದರೆ ಕೆಲಸ ಕೆಡುತ್ತದೆ. ಇಂದಿನ ಕಾರು ಪಾಲಿಷಿನ ಪಾಠವೆಲ್ಲ ಇದರಲ್ಲಿದೆ!

ಹೊಳಪಿಗೆ ನ್ಯೂಟನ್ ಕೊಟ್ಟ ಕಾರಣ ಸರಳವಾದುದು. ಪುಡಿ ಎಷ್ಟೇ ನಯವಾಗಿರಲಿ, ಅದು ಮಾಡುವುದು ಕೆರೆಯುವ ಕೆಲಸವನ್ನೇ. ಗೀರುಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾದಾಗ ನಾವು ಅದನ್ನು ಹೊಳಪು ಎನ್ನುತ್ತೇವೆ. ಎಷ್ಟು ಚಿಕ್ಕದು? ಇದಕ್ಕೆ ಅಳತೆ ಒದಗಿದ್ದು ಲಾರ್ಡ್ ರೇಲಿ ಅವರ ಹೆಸರಿನ ನಿಯಮದಿಂದ. ಬೆಳಕು ಲಂಬವಾಗಿ ಬೀಳುವಾಗ, ಮೇಲ್ಮೈಯ ಏರುತಗ್ಗು ತರಂಗದೂರದ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಅದನ್ನು ನುಣುಪೆಂದು ಪರಿಗಣಿಸಬಹುದು. 560 ನ್ಯಾನೋಮೀಟರ್ ತರಂಗದೂರದ ಹಸುರು ಬೆಳಕಿಗೆ ಇದು 70 ನ್ಯಾನೋಮೀಟರ್.

ಆದರೆ ಇದೇ ರೇಲಿ, 1901ರಲ್ಲಿ ಹೊಳಪಿನ ಬಗ್ಗೆಯೇ ಉಪನ್ಯಾಸವೊಂದನ್ನು ನೀಡಿ, ನ್ಯೂಟನ್ನರ ವಿವರಣೆ ಸಾಲದು ಎಂದರು. ಅರೆದ ಗಾಜನ್ನು ನಯಗೊಳಿಸುವಾಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದಿಬ್ಬಗಳ ನೆತ್ತಿಗಳು ಮೊದಲಿಗೇ ಪೂರ್ಣ ನುಣುಪಾಗಿ, ಆ ನುಣುಪು ಪ್ರದೇಶಗಳು ಕ್ರಮೇಣ ಹಿಗ್ಗುತ್ತವೆ. ಒರಟು ಗೀರು ಸಣ್ಣ ಗೀರಾಗಿ, ಅದು ಇನ್ನೂ ಸಣ್ಣದಾಗಿ ಸಾಗುವ ದೃಶ್ಯ ಅಲ್ಲಿ ಕಾಣುವುದಿಲ್ಲ. ಹಾಗಾದರೆ ದ್ರವ್ಯ ಬಹುಶಃ ಅಣುಗಳ ಮಟ್ಟದಲ್ಲೇ ಕಳಚುತ್ತಿರಬೇಕು ಎಂಬುದು ಅವರ ವಾದ.

ಮೂರನೆಯ ವಾದ ಜಾರ್ಜ್ ಬೀಲ್ಬಿ ಅವರದು. ಉಜ್ಜಿದಾಗ ಮೇಲ್ಪದರವು ದ್ರವದಂತೆ ಹರಿದು ತಗ್ಗುಗಳನ್ನು ತುಂಬಿ, ಅಸ್ಫಟಿಕ ಚರ್ಮದಂತೆ ಗಟ್ಟಿಯಾಗುತ್ತದೆ ಎಂದು 1921ರ ತಮ್ಮ ಪುಸ್ತಕದಲ್ಲಿ ಅವರು ಪ್ರತಿಪಾದಿಸಿದರು. ಇದಕ್ಕೆ ಬಲ ಬಂದದ್ದು 1937ರಲ್ಲಿ, ಕೇಂಬ್ರಿಜ್‌ನ ಬೌಡನ್ ಮತ್ತು ಹ್ಯೂಸ್ ಅವರ ಪ್ರಯೋಗಗಳಿಂದ. ನಮ್ಮ ದೇವರ ಕೋಣೆಯ ಕರ್ಪೂರವನ್ನೇ ಅವರು ಬಳಸಿದ್ದರು! ಅದರ ದ್ರವನಬಿಂದು ಸುಮಾರು 175 ಡಿಗ್ರಿ ಸೆಲ್ಸಿಯಸ್. ಸುಮಾರು 70 ಡಿಗ್ರಿಯಲ್ಲಿ ಕರಗುವ ವುಡ್ಸ್ ಲೋಹಕ್ಕೆ ಕರ್ಪೂರ ಹೊಳಪು ಕೊಟ್ಟಿತು. 232 ಡಿಗ್ರಿಯಲ್ಲಿ ಕರಗುವ ತವರಕ್ಕೆ ಕೊಡಲಿಲ್ಲ. ಅಂದರೆ ಮುಖ್ಯವಾದುದು ಗಡಸುತನವಲ್ಲ, ದ್ರವನಬಿಂದು. ಘರ್ಷಣೆಯ ಶಾಖ ಸ್ಪರ್ಶಬಿಂದುಗಳಲ್ಲಿ ಮಾತ್ರ ಹುಟ್ಟುವುದರಿಂದ ಅಲ್ಲಿಯ ಉಷ್ಣತೆ ಬಹಳ ಏರುತ್ತದೆ.

ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. 1950ರ ದಶಕದಲ್ಲಿ ಆಸ್ಟ್ರೇಲಿಯದ ಲೋಹವಿಜ್ಞಾನಿ ಲೆನರ್ಡ್ ಸ್ಯಾಮ್ಯುಯೆಲ್ಸ್, ಹೊಳಪಿತ್ತ ಲೋಹಗಳಲ್ಲಿ ಸೂಕ್ಷ್ಮ ಗೀರುಗಳು ಇದ್ದೇ ಇರುತ್ತವೆಂದು ತೋರಿಸಿದರು. ಲೋಹಗಳ ಮಟ್ಟಿಗೆ ತಕ್ಕಡಿ ಮತ್ತೆ ನ್ಯೂಟನ್ನರತ್ತ ವಾಲಿತು. ಗಾಜಿನಲ್ಲಾದರೋ, ಸೀರಿಯಮ್ ಆಕ್ಸೈಡ್ ಮತ್ತು ನೀರು ಸೇರಿ ನಡೆಸುವ ರಾಸಾಯನಿಕ ಕ್ರಿಯೆಗೂ ದೊಡ್ಡ ಪಾತ್ರವಿದೆ ಎಂಬುದು ಆಮೇಲೆ ತಿಳಿಯಿತು. ಒಂದೇ ಉತ್ತರ ಎಲ್ಲ ವಸ್ತುಗಳಿಗೂ ಹೊಂದುವುದಿಲ್ಲ.

ಈಗ ಕಾರಿಗೆ ಬರೋಣ. ಮೊದಲು ಕಾರುಗಳಿಗೆ ಎಣ್ಣೆ ವಾರ್ನಿಷ್ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಳೇ ಬೇಕಾಗುತ್ತಿದ್ದವು. ಡ್ಯುಪಾಂಟ್ ಕಂಪನಿಯ 'ಡ್ಯುಕೊ' ಎಂಬ ನೈಟ್ರೋಸೆಲ್ಯುಲೋಸ್ ಲೇಪ 1923ರಲ್ಲಿ ಓಕ್‌ಲ್ಯಾಂಡ್ ಕಾರಿನ ಮೇಲೆ ಕಾಣಿಸಿಕೊಂಡಿತು. ಅದು ಬೇಗ ಒಣಗುತ್ತಿತ್ತು, ಆದರೆ ಹೊಳಪು ತರಲು ಅದನ್ನು ಉಜ್ಜಬೇಕಿತ್ತು. ಹೀಗೆ 'ರಬ್ಬಿಂಗ್ ಕಾಂಪೌಂಡ್' ಕಾರಿನ ಲೋಕಕ್ಕೆ ಅನಿವಾರ್ಯವಾಯಿತು. 1980ರ ದಶಕದಿಂದೀಚೆಗೆ ಬಣ್ಣದ ಮೇಲೊಂದು ಪಾರದರ್ಶಕ ಪಾಲಿಮರ್ ಪದರ ಬಳಿಯುವ ಪದ್ಧತಿ ವ್ಯಾಪಕವಾಯಿತು.

ಪಾಲಿಷಿನಲ್ಲಿರುವುದು ಎರಡು: ಹೆಚ್ಚಾಗಿ ಅಲ್ಯುಮಿನಿಯಮ್ ಆಕ್ಸೈಡಿನ ಕಣಗಳು, ಮತ್ತು ಅವನ್ನು ಹೊತ್ತ ನೀರು, ಎಣ್ಣೆಗಳ ಮಿಶ್ರಣ. ಒಂದು ಬಗೆಯಲ್ಲಿ ಕಣಗಳು ಉಜ್ಜಿದಂತೆಲ್ಲ ಒಡೆದು ನಯವಾಗುತ್ತವೆ. ಅವು ಪೂರ್ತಿ ಒಡೆಯುವವರೆಗೆ ಉಜ್ಜಬೇಕು. ನ್ಯೂಟನ್ ಸದ್ದಿಗೆ ಕಿವಿಗೊಟ್ಟದ್ದು ನೆನಪಾಯಿತೆ? ಇನ್ನೊಂದು ಬಗೆಯಲ್ಲಿ ಕಣಗಳು ಮೊದಲೇ ನಯವಾಗಿ, ಒಂದೇ ಗಾತ್ರದಲ್ಲಿರುತ್ತವೆ, ಸುಲಭವಾಗಿ ಒಡೆಯುವುದಿಲ್ಲ. ಅಲ್ಲಿ ಅವಧಿಯನ್ನು ನಿರ್ಧರಿಸುವುದು ದ್ರವ. ಬಿಸಿಲಿನಲ್ಲಿ ಕಾದ ತಗಡು, ಒಣ ಹವೆ, ವೇಗದ ಯಂತ್ರ: ಇವೆಲ್ಲ ಆವಿಯಾಗುವಿಕೆಯನ್ನು ಹೆಚ್ಚಿಸಿ ಅವಧಿಯನ್ನು ಕುಗ್ಗಿಸುತ್ತವೆ. ದ್ರವ ಮುಗಿದ ಮೇಲೆ ಕಣಗಳು ಗಂಟುಕಟ್ಟಿ ಗೀಚುತ್ತವೆ, ಶಾಖವೂ ಏರುತ್ತದೆ.

ಇದರಲ್ಲಿ ಎಚ್ಚರಿಕೆಯೊಂದಿದೆ. ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರೋಮೀಟರ್, ಒಂದು ತಲೆಗೂದಲಿಗಿಂತ ಕಡಿಮೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳಿರುವುದೂ ಅದರಲ್ಲೇ. ಗೀರನ್ನು ಅಳಿಸುವುದೆಂದರೆ ಅದರ ತಳದವರೆಗೆ ಸುತ್ತಲಿನ ಪದರವನ್ನೆಲ್ಲ ತೆಗೆಯುವುದು. ಪ್ರತಿ ಸಲ ಹೊಳಪು ಬಂದಾಗಲೂ ರಕ್ಷಣೆ ಸ್ವಲ್ಪ ಸವೆಯುತ್ತದೆ. ವರ್ಷವರ್ಷವೂ ಕಾಂಪೌಂಡ್ ಹಾಕಿಸುವುದು ಕಾರಿನ ಆರೈಕೆಯಲ್ಲ!

ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಗೀರುಬಿದ್ದ ಎರಡು ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಗಳನ್ನೂ ಬಿಳಿಯ ಟೂತ್‌ಪೇಸ್ಟನ್ನೂ ತನ್ನಿ. ಪೇಸ್ಟಿನಲ್ಲಿ ನಯವಾದ ಕಣಗಳಿವೆ. ತೇವ ಹಿಡಿದಿಡಲು ಗ್ಲಿಸರಿನ್ ಅಥವಾ ಸಾರ್ಬಿಟಾಲ್ ಕೂಡ ಇರುತ್ತದೆ. ಒಂದು ಪಟ್ಟಿಯನ್ನು ಒದ್ದೆ ಹತ್ತಿಬಟ್ಟೆಯಿಂದ, ಆಗಾಗ ಒಂದೊಂದು ಹನಿ ನೀರು ಸೇರಿಸುತ್ತಾ ಉಜ್ಜಿ. ಇನ್ನೊಂದನ್ನು ಪೇಸ್ಟ್ ಪೂರ್ತಿ ಒಣಗಿದ ಮೇಲೂ ಉಜ್ಜಿ. ಸಮಯವನ್ನು ಗುರುತು ಹಾಕಿಕೊಳ್ಳಿ. ಎರಡನ್ನೂ ತೊಳೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಹೋಲಿಸಿ. ಮಳೆಗಾಲದಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಇದೇ ಪ್ರಯೋಗ ಮಾಡಿದರೆ ಪೇಸ್ಟ್ ಒಣಗುವ ಸಮಯ ಎಷ್ಟು ಬದಲಾಗುತ್ತದೆ? ವಿದ್ಯಾರ್ಥಿಗಳೇ ಅಳೆದು ಹೇಳಲಿ.