ಕರು ಹಾಕಿದ ಹಸು ಮತ್ತೆ ಗಬ್ಬ ನಿಲ್ಲಬೇಕಾದರೆ: 85 ದಿನಗಳ ಲೆಕ್ಕ

ರಾಯದುರ್ಗ, ಮಡಕಶಿರಾ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ಶೇಂಗಾ ಬೆಳೆದ ಎಷ್ಟೋ ಮನೆಗಳನ್ನು ನಡೆಸುವುದು ಹಾಲಿನ ಹಣ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು, ಕರು ಹಾಕಬೇಕಾದರೆ ಹೊತ್ತಿಗೆ ಸರಿಯಾಗಿ ಗಬ್ಬ ನಿಲ್ಲಬೇಕು. "ಕರು ಹಾಕಿ ಆರು ತಿಂಗಳಾಯಿತು, ಇನ್ನೂ ಬೆದೆಗೆ ಬಂದಿಲ್ಲ", "ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ನಿಲ್ಲಲಿಲ್ಲ" ಎಂಬುದು ಹಸು ಸಾಕುವವರ ಸಾಮಾನ್ಯ ದೂರು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಕೊಟ್ಟಿಗೆಯ ಸಮಸ್ಯೆ ಒಂದೇ.

ಲೆಕ್ಕ ಹೇಗೆ?

ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಉಳಿಯುವುದು 85 ದಿನ ಮಾತ್ರ. ಕರು ಹಾಕಿದ ಮೇಲೆ ಗರ್ಭಕೋಶ ಮೊದಲಿನ ಸ್ಥಿತಿಗೆ ಬರಲು 40ರಿಂದ 45 ದಿನ ಬೇಕು. ಆದ್ದರಿಂದ 60 ದಿನ ತುಂಬಿದ ನಂತರ ಬರುವ ಬೆದೆಯಲ್ಲಿ ಕೃತಕ ಗರ್ಭಧಾರಣೆ ಮಾಡಿಸುವುದು ವಾಡಿಕೆ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ದಂಡ.

ಸಂಕ್ರಾಂತಿಗೆ ಕರು ಹಾಕಿದ ಹಸು ಏಪ್ರಿಲ್ ಎರಡನೇ ವಾರದೊಳಗೆ ಗಬ್ಬ ನಿಂತರೆ ಮುಂದಿನ ಸಂಕ್ರಾಂತಿಗೆ ಮತ್ತೆ ಕರು. ಆದರೆ ಅದೇ ಸಮಯಕ್ಕೆ ನಮ್ಮ ಕಡೆ ಹಸಿ ಮೇವು ಮುಗಿದು ಬಿಸಿಲು ಏರಿರುತ್ತದೆ. ಇಲ್ಲಿನ ತೊಂದರೆಗೆ ಇದೂ ಒಂದು ಮುಖ್ಯ ಕಾರಣ.

ಬೆದೆಯ ಲಕ್ಷಣಗಳು

ಬೆದೆ ಇರುವುದು 12ರಿಂದ 18 ಗಂಟೆ. ಹಸು ಕೂಗುತ್ತದೆ, ಮೇವು ಬಿಡುತ್ತದೆ, ಹಾಲು ಕಡಿಮೆಯಾಗುತ್ತದೆ, ಪದೇ ಪದೇ ಗಂಜಲ ಹಾಕುತ್ತದೆ. ಯೋನಿಯಿಂದ ಗಾಜಿನಂತೆ ತಿಳಿಯಾದ ಲೋಳೆ ದಾರದಂತೆ ಇಳಿಯುತ್ತದೆ. ಬೇರೆ ದನ ಮೇಲೆ ಹತ್ತಿದರೆ ಕದಲದೆ ನಿಲ್ಲುವುದು ಖಚಿತ ಗುರುತು. ಕಟ್ಟಿಹಾಕಿದ ಒಂಟಿ ಹಸುವಿನಲ್ಲಿ ಇದು ಕಾಣದು. ಹಾಗಾಗಿ ಬೆಳಗಿನ ಜಾವ ಮತ್ತು ರಾತ್ರಿ ಮಲಗುವ ಮುನ್ನ ಬಾಲದ ಬುಡ, ಮಲಗಿದ ಜಾಗ ನೋಡಬೇಕು. ಬೇಸಿಗೆಯಲ್ಲಿ ಬೆದೆ ಮಂದವಾಗಿದ್ದು ರಾತ್ರಿಯೇ ಕಳೆದುಹೋಗಬಹುದು.

ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಬೇಕು. ಲೋಳೆಯಲ್ಲಿ ರಕ್ತ ಕಂಡರೆ ಬೆದೆ ಮುಗಿದಿದೆ ಎಂದರ್ಥ. ಆಗ ಕೊಡಿಸಿ ಪ್ರಯೋಜನವಿಲ್ಲ, ಮುಂದಿನ ಬೆದೆಗೆ ಕಾಯಬೇಕು.

ಬೆದೆಗೆ ಬಾರದಿದ್ದರೆ

ಕರು ಹಾಕಿದ ಮೊದಲ ಎರಡು ತಿಂಗಳು ಹಾಲು ಏರುತ್ತದೆ, ಆದರೆ ತಿನ್ನುವ ಮೇವು ಅದಕ್ಕೆ ಸಾಲದು. ಹಸು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ. ಪಕ್ಕೆಲುಬು ಕಾಣುವಷ್ಟು ಬಡಕಲಾದ ಹಸು ಬೆದೆಗೆ ಬರುವುದಿಲ್ಲ. ಬರೀ ಒಣ ಹುಲ್ಲು ಸಾಲದು. ಶೇಂಗಾ ಹೊಟ್ಟಿನ ಜೊತೆ ಹಿಂಡಿ, ಬೂಸಾ, ಸ್ವಲ್ಪವಾದರೂ ಹಸಿ ಮೇವು, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡಬೇಕು. ಮಡಕಶಿರಾ ಕಡೆ ರೇಷ್ಮೆ ಮನೆಯಲ್ಲಿ ಉಳಿದ ಹಿಪ್ಪುನೇರಳೆ ಸೊಪ್ಪು ಒಳ್ಳೆಯ ಮೇವು, ಔಷಧಿ ಸಿಂಪಡಿಸಿದ ಸೊಪ್ಪು ಮಾತ್ರ ಬೇಡ. ಜಂತುಹುಳು ಔಷಧಿ ತಪ್ಪಿಸಬಾರದು. ನಾಟಿ ಹಸುಗಳಲ್ಲಿ ಕರು ಸದಾ ಕುಡಿಯುತ್ತಿದ್ದರೂ ಬೆದೆ ತಡವಾಗುತ್ತದೆ. 90 ದಿನ ಕಳೆದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಬೇಕು.

ಬೆದೆಗೆ ಬಂದರೂ ನಿಲ್ಲದಿದ್ದರೆ

ಲೋಳೆ ಮಬ್ಬಾಗಿದ್ದರೆ, ಕೀವು ಬೆರೆತಿದ್ದರೆ, ವಾಸನೆಯಿದ್ದರೆ ಗರ್ಭಕೋಶದ ಸೋಂಕು ಇರಬಹುದು. ಮೊದಲು ಚಿಕಿತ್ಸೆ, ಆಮೇಲೆ ಗರ್ಭಧಾರಣೆ. ಇದರ ಮೂಲ ಹಲವು ಸಲ ಕರು ಹಾಕಿದ ದಿನವೇ ಇರುತ್ತದೆ. 12 ಗಂಟೆಯಾದರೂ ಸತ್ತೆ ಬೀಳದಿದ್ದರೆ ಕೈಹಾಕಿ ಎಳೆಯುವುದು, ಕಲ್ಲು ಕಟ್ಟುವುದು ಅಪಾಯ. ವೈದ್ಯರನ್ನೇ ಕರೆಸಬೇಕು. ಕಂದು ಹಾಕುವ ರೋಗ ತಡೆಯಲು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಿಸಬೇಕು. ಈ ರೋಗ ಮನುಷ್ಯರಿಗೂ ಅಂಟುತ್ತದೆ, ಆದ್ದರಿಂದ ಬಿದ್ದ ಕಂದನ್ನು ಬರಿಗೈಯಲ್ಲಿ ಮುಟ್ಟಬಾರದು.

ಎರಡು ಭಾಷೆ, ಒಂದು ಮಾತು

ನಾವು ಬೆದೆ ಎನ್ನುವುದನ್ನು ತೆಲುಗಿನಲ್ಲಿ 'ಎದ' ಎನ್ನುತ್ತಾರೆ. ಗಬ್ಬದ ಹಸು 'ಚೂಡಿ ಆವು', ಸತ್ತೆ 'ಮಾಯ'. ಆಸ್ಪತ್ರೆಯಲ್ಲಿ, ಗೋಪಾಲಮಿತ್ರರ ಬಳಿ ಈ ಮಾತು ಸ್ಪಷ್ಟವಾಗಿ ಹೇಳಿದರೆ ಅರ್ಧ ಕೆಲಸ ಆದಂತೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಪಾವಗಡ, ಶಿರಾ, ಮೊಳಕಾಲ್ಮೂರು, ಬಳ್ಳಾರಿ ಕಡೆಯಿಂದ ಹಸು ತರುವವರು ಕಿವಿಯ ಓಲೆಯಲ್ಲಿರುವ 12 ಅಂಕಿಯ ಸಂಖ್ಯೆ ಬರೆದುಕೊಳ್ಳಬೇಕು, ಗಬ್ಬದ ಪರೀಕ್ಷೆ ಮಾಡಿಸಿಯೇ ಹಣ ಕೊಡಬೇಕು.

ಇಂಜೆಕ್ಷನ್ ಕೊಡಿಸಿದ 21ನೇ ದಿನದ ಆಸುಪಾಸಿನಲ್ಲಿ ಮತ್ತೆ ಬೆದೆ ಬಂತೇ ಎಂದು ನೋಡಬೇಕು. ಬಾರದಿದ್ದರೂ ಗಬ್ಬ ನಿಂತಿತೆಂದು ಸುಮ್ಮನಿರದೆ ಎರಡೂವರೆ, ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಬೇಕು. ಕರು ಹಾಕಿದ ದಿನ, ಬೆದೆಯ ದಿನ, ಇಂಜೆಕ್ಷನ್ ದಿನ, ಪರೀಕ್ಷೆಯ ದಿನ ಇವಿಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟರೆ ಸಾಕು. ಇದಕ್ಕೆ ಖರ್ಚೇನೂ ಇಲ್ಲ, ತಪ್ಪಿದರೆ ನಷ್ಟ ಮಾತ್ರ ತಿಂಗಳುಗಟ್ಟಲೆ.