ಸಸ್ಯಲೋಕದ ಬೇಟೆಗಾರರು

ಸಾಗರದಿಂದ ಹೊರಟು ಶರಾವತಿಯ ಹಿನ್ನೀರನ್ನು ದಾಟಿ ತುಮರಿ, ಸಿಗಂದೂರುಗಳಿಗೆ ಹೋಗುವವರ ದೃಷ್ಟಿಯೆಲ್ಲ ನೀರಿನ ವಿಸ್ತಾರದ ಮೇಲೆಯೇ ನೆಲೆಸುವುದು ಸಹಜ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದ ಮೇಲೆ ದಶಕಗಳ ಕಾಲ ಲಾಂಚನ್ನೇ ನಂಬಿದ್ದ ಈ ನಾಡಿಗೆ 2025ರ ಜುಲೈ 14ರಂದು ಸೇತುವೆ ತೆರೆಯಿತು. ಇನ್ನು ಮೇಲೆ ಹೋಗಿ ಬರುವುದು ಸುಲಭ. ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ: ಮಳೆಗಾಲ ಹಿಂದೆಗೆಯುವ ದಿನಗಳಲ್ಲಿ ಈ ಸೀಮೆಗೆ ಹೋದರೆ ಒಮ್ಮೆ ನೆಲದ ಕಡೆಗೂ ಬಾಗಿ ನೋಡಿರಿ.

ಜಂಬಿಟ್ಟಿಗೆಯ ಮೇಲೆ ನೀರು ಜಿನುಗುವ ಕಡೆ, ಬ್ಯಾಣದ ತಗ್ಗಿನಲ್ಲಿ, ಗದ್ದೆಯ ಬದುವಿನಲ್ಲಿ ಎರಡು ಬಗೆಯ ಸಣ್ಣ ಗಿಡಗಳು ನಿಮ್ಮ ಕಣ್ಣಿಗೆ ಬಿದ್ದಾವು. ಒಂದರ ಎಲೆಗಳ ತುಂಬ ಕೆಂಪು ಕೂದಲು. ಕೂದಲ ತುದಿಯಲ್ಲಿ ಬಿಸಿಲೇರಿದರೂ ಆರದ ಹನಿ. ಇದು ಡ್ರೊಸೆರ, ಗ್ರೀಕ್ ಭಾಷೆಯಲ್ಲಿ ‘ಇಬ್ಬನಿಯುಳ್ಳದ್ದು’ ಎಂದರ್ಥ. ಇನ್ನೊಂದು, ನೂಲಿನಂಥ ದಂಟಿನ ಮೇಲೆ ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯ. ಈ ಕುಲದ ಹೂವೊಂದನ್ನು ನೆರೆಯ ಮರಾಠಿಗರು ‘ಸೀತೆಯ ಕಣ್ಣೀರು’ ಎಂದು ಕರೆಯುತ್ತಾರೆ. ಒಂದರಲ್ಲಿ ಇಬ್ಬನಿಯನ್ನು ಕಂಡರು, ಇನ್ನೊಂದರಲ್ಲಿ ಕಣ್ಣೀರನ್ನು ಕಂಡರು; ಹಸಿವನ್ನು ಮಾತ್ರ ಯಾರೂ ಕಾಣಲಿಲ್ಲ. ಇವೆರಡೂ ಕೀಟಾಹಾರಿಗಳು. ಈ ಮಾತು ಸ್ಥಿರಪಡಲು ವಿದ್ವಾಂಸರಿಗೆ ನೂರು ವರ್ಷಗಳಿಗೂ ಮಿಗಿಲಾದ ಕಾಲ ಬೇಕಾಯಿತು.

ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬವನು ಮಲೆಯಾಳದ ವೈದ್ಯರ ಮತ್ತು ಕೊಂಕಣಿ ಪಂಡಿತರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಪಶ್ಚಿಮ ಕರಾವಳಿಯ ನೂರಾರು ಗಿಡಗಳ ನಡುವೆ ಡ್ರೊಸೆರದ ಚಿತ್ರವೂ ಅದರಲ್ಲಿ ಸೇರಿತು. 1753ರಲ್ಲಿ ಸ್ವೀಡನ್ನಿನ ಲಿನೀಯಸನು ಆ ಗಿಡಕ್ಕೆ ಡ್ರೊಸೆರ ಇಂಡಿಕ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು. ನಾಮಕರಣವೇನೋ ಆಯಿತು, ಮಗುವಿನ ಗುಣ ತಿಳಿಯಲಿಲ್ಲ.

ಹದಿನೈದು ವರ್ಷಗಳ ತರುವಾಯ, 1768ರಲ್ಲಿ, ಲಂಡನ್ನಿನ ಜಾನ್ ಎಲಿಸನು ಅಮೆರಿಕದ ಕ್ಯಾರೊಲಿನಾದಿಂದ ಬಂದ ‘ನೊಣಹಿಡುಕ’ ಗಿಡವನ್ನು ವರ್ಣಿಸಿ ಲಿನೀಯಸನಿಗೆ ಪತ್ರ ಬರೆದನು. ಆ ಗಿಡದ ಎಲೆ ಪುಸ್ತಕದಂತೆ ಮುಚ್ಚಿಕೊಂಡು ನೊಣವನ್ನು ಹಿಡಿಯುತ್ತದೆ. ಹಿಡಿದದ್ದು ಆಹಾರಕ್ಕಾಗಿಯೇ ಇರಬೇಕೆಂದು ಎಲಿಸನು ಊಹಿಸಿದನು. ಲಿನೀಯಸನು ಗಿಡವನ್ನು ಮೆಚ್ಚಿದನು, ಊಹೆಯನ್ನು ಒಪ್ಪಲಿಲ್ಲ. ಹುಳು ಮಿಸುಕಾಡುವುದನ್ನು ನಿಲ್ಲಿಸಿದರೆ ಎಲೆ ತೆರೆದು ಅದನ್ನು ಬಿಟ್ಟುಬಿಡುತ್ತದೆಂದು ಬರೆದನು. ಪ್ರಾಣಿಯು ಸಸ್ಯವನ್ನು ತಿನ್ನುವುದು ಲೋಕರೂಢಿ. ಸಸ್ಯವೇ ಪ್ರಾಣಿಯನ್ನು ತಿನ್ನುವುದೆಂದರೆ ಅಂದಿನವರ ಬುದ್ಧಿಗೆ ಒಗ್ಗುವ ಮಾತಾಗಿರಲಿಲ್ಲ.

ಈ ಗಂಟನ್ನು ಬಿಡಿಸಿದವನು ಚಾರ್ಲ್ಸ್ ಡಾರ್ವಿನ್. 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಡ್ರೊಸೆರದ ಎಲೆಗಳಿಗೆ ಅಂಟಿ ಸತ್ತಿದ್ದ ಹುಳುಗಳ ಸಂಖ್ಯೆಯನ್ನು ಕಂಡು ಅವನು ಬೆರಗಾದನು. ಎಲೆಗೆ ಹಾಲು, ಮೊಟ್ಟೆಯ ಬಿಳಿ, ಮಾಂಸದ ಚೂರುಗಳನ್ನು ಇಟ್ಟನು. ಕೂದಲುಗಳು ಬಾಗಿ ಹಿಡಿದುವು. ಸಕ್ಕರೆ, ಪಿಷ್ಟ, ಗೋಂದಿನ ನೀರನ್ನು ಇಟ್ಟನು, ಅಲುಗಲಿಲ್ಲ. ಸಾರಜನಕವುಳ್ಳ ಪದಾರ್ಥವನ್ನು ಗಿಡ ಗುರುತಿಸುತ್ತಿತ್ತು. ಆ ಹನಿ ಇಬ್ಬನಿಯಲ್ಲ, ಅಂಟು. ಹುಳು ಒದ್ದಾಡಿದಷ್ಟೂ ಸುತ್ತಲ ಕೂದಲುಗಳು ಬಾಗುತ್ತವೆ. ಜೀರ್ಣರಸ ಒಸರಿ ಮೆತ್ತನೆಯ ಭಾಗವನ್ನು ಕರಗಿಸುತ್ತದೆ. ಕೊನೆಗೆ ಉಳಿಯುವುದು ಬರಿಯ ಚಿಪ್ಪು. ಡಾರ್ವಿನ್ನನ ಗ್ರಂಥ 1875ರಲ್ಲಿ ಹೊರಬಂದಿತು. ಹುಳುವಿಲ್ಲದೆಯೂ ಗಿಡ ಬದುಕುತ್ತದಲ್ಲ ಎಂದು ಆಕ್ಷೇಪಿಸಿದವರಿಗೆ ಅವನ ಮಗ ಫ್ರಾನ್ಸಿಸನು 1878ರಲ್ಲಿ ಉತ್ತರ ಕೊಟ್ಟನು: ಮಾಂಸವುಣಿಸಿದ ಗಿಡಗಳು ಉಣಿಸದ ಗಿಡಗಳಿಗಿಂತ ಬಹುಪಾಲು ಹೆಚ್ಚು ಬೀಜ ಕಟ್ಟಿದುವು.

ಯುಟ್ರಿಕ್ಯುಲೇರಿಯದ ಕಥೆ ಇನ್ನೂ ಸೋಜಿಗದ್ದು. ಇದಕ್ಕೆ ಬೇರಿಲ್ಲ, ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ಹರಡಿದ ಎಳೆಗಳ ಮೇಲೆ ಸಾಸಿವೆಗಿಂತಲೂ ಚಿಕ್ಕದಾದ ಚೀಲಗಳಿರುತ್ತವೆ. ನೀರಿನಲ್ಲಿ ಬೆಳೆಯುವ ಜಾತಿಗಳಲ್ಲಿ ಇವು ಗಿಡವನ್ನು ತೇಲಿಸುವ ಬುರುಡೆಗಳೆಂದೇ ಬಹುಕಾಲ ತಿಳಿದಿದ್ದರು. ಜಂತುಗಳು ತಾವಾಗಿಯೇ ತಲೆಯಿಂದ ಬಾಗಿಲನ್ನು ನೂಕಿ ಒಳಹೊಗುತ್ತವೆಂದು ಡಾರ್ವಿನ್ನನೂ ಬಗೆದನು. ಅಮೆರಿಕದ ನ್ಯೂಜೆರ್ಸಿಯ ಮೇರಿ ಟ್ರೀಟ್ ಎಂಬ ಮಹಿಳೆ ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕುಳಿತು ನೋಡಿ, ಜಂತು ಒಳಕ್ಕೆ ಎಳೆಯಲ್ಪಡುವಂತೆ ತೋರುತ್ತದೆಂದು ಬರೆದಳು. 1911ರಲ್ಲಿ ಬ್ರೋಶೆ ಎಂಬ ವಿದ್ವಾಂಸನ ಪರಿಶೀಲನೆಯಿಂದ ಆಕೆಯ ಕಣ್ಣು ಸುಳ್ಳಾಡಲಿಲ್ಲವೆಂದು ತಿಳಿಯಿತು. ಗಿಡವು ಚೀಲದೊಳಗಿನ ನೀರನ್ನು ಹೊರಹಾಕಿ ಕಾದಿರುತ್ತದೆ. ಬಾಗಿಲ ಕೂದಲಿಗೆ ಜಂತು ತಾಗಿದೊಡನೆ ಬಾಗಿಲು ಒಳಕ್ಕೆ ತೆರೆದು, ನೀರು ಜಂತುಸಮೇತ ನುಗ್ಗಿ, ಬಾಗಿಲು ಮತ್ತೆ ಮುಚ್ಚುತ್ತದೆ. 2011ರಲ್ಲಿ ಅತಿವೇಗದ ಕ್ಯಾಮರಾದಿಂದ ಅಳೆದಾಗ, ಜಂತು ಒಳಸೇರಲು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಹಿಡಿಯದೆಂದು ಕಂಡುಬಂದಿತು.

ಇಷ್ಟೆಲ್ಲ ಉಪಾಯ ಏತಕ್ಕೆ? ಜಡಿಮಳೆಯು ಜಂಬಿಟ್ಟಿಗೆ ನೆಲದ ಸಾರವನ್ನು ತೊಳೆದೊಯ್ಯುತ್ತದೆ. ಬಿಸಿಲಿದೆ, ನೀರಿದೆ, ಸಾರಜನಕವಿಲ್ಲ, ರಂಜಕವಿಲ್ಲ. ಮಲೆನಾಡಿನ ಅಡಕೆಯ ತೋಟಕ್ಕಾದರೆ ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು ಗೊಬ್ಬರ ಮಾಡಿ ಹಾಕುವವರಿದ್ದಾರೆ. ಈ ಬಡಗಿಡಕ್ಕೆ ಹಾಕುವವರು ಯಾರು? ತನ್ನ ಗೊಬ್ಬರವನ್ನು ತಾನೇ ಹಿಡಿದುಕೊಳ್ಳುತ್ತದೆ. ಎಲೆಯ ಹಸುರಿನಿಂದ ಅನ್ನವನ್ನು ಇತರ ಗಿಡಗಳಂತೆಯೇ ಮಾಡಿಕೊಳ್ಳುವುದರಿಂದ, ಹುಳು ಅದಕ್ಕೆ ಊಟವೆನ್ನುವುದಕ್ಕಿಂತ ಗೊಬ್ಬರವೆನ್ನುವುದೇ ಸರಿ.

ಇಲ್ಲಿಯೇ ನಾವು ಯೋಚಿಸಬೇಕಾದ ಸಂಗತಿಯೊಂದಿದೆ. ನೆಲದ ಬಡತನವೇ ಈ ಗಿಡಗಳ ಆಸ್ತಿ. ಗೊಬ್ಬರ ಬಿದ್ದ ಕಡೆ ಹುಲ್ಲು ಎತ್ತರವಾಗಿ ಬೆಳೆದು ನೆರಳು ಕವಿದು ಇವನ್ನು ಅಳಿಸುತ್ತದೆ. ಬಸಿಗಾಲುವೆ ತೋಡಿದರೆ ತೇವ ಹೋಗುತ್ತದೆ. ಕಲ್ಲು ಕಡಿದೊಯ್ದರೆ ನೆಲೆಯೇ ಹೋಗುತ್ತದೆ. ಏನೂ ಬೆಳೆಯದ ಖರಾಬು ಎಂದು ನಾವು ಕಡೆಗಣಿಸುವ ಜಾಗವೇ ಇವುಗಳ ಮನೆ. ಲಿನೀಯಸನಂಥವನೂ ತನ್ನ ನಂಬಿಕೆಯ ಕಾರಣದಿಂದ ಎದುರಿಗಿದ್ದುದನ್ನು ಒಪ್ಪದೆ ಹೋದನು. ಖರಾಬೆಂಬ ಒಂದು ಮಾತನ್ನು ನಂಬಿ ನಾವೂ ಹಾಗೆಯೇ ಮಾಡಬಾರದು. ಮುಂದಿನ ಸಲ ಹೊಳೆ ದಾಟಿದಾಗ ಮಕ್ಕಳ ಕೈಗೊಂದು ಭೂತಗನ್ನಡಿಯನ್ನು ಕೊಟ್ಟು ತೋರಿಸಿರಿ. ಗಿಡವನ್ನು ಕೀಳುವುದು ಬೇಡ. ಬಾಗಿ ನೋಡಿದರೆ ಸಾಕು.