ಹರಳಿನೊಳಗಿನ ಹನಿ

ಕೋಲಾರದ ಗಣಿಗಳಲ್ಲಿ 1880ರಿಂದ 2001ರವರೆಗೆ ಬೆಣಚುಕಲ್ಲನ್ನು ಕುಟ್ಟಿ ಪುಡಿಮಾಡಿ ಚಿನ್ನ ತೆಗೆಯಲಾಯಿತು. ಆ ಕಲ್ಲಿನಲ್ಲಿ ಚಿನ್ನದ ಜೊತೆಗೆ ಮತ್ತೊಂದು ವಸ್ತುವೂ ಇತ್ತು. ಅದೆಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಹನಿಗಳು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಿಂದ ಚಿನ್ನವನ್ನು ಹೊತ್ತು ತಂದ ಬಿಸಿನೀರಿನಲ್ಲಿ ಉಳಿದದ್ದು ಅಷ್ಟೇ. ಗಿರಣಿಯಲ್ಲಿ ಅದು ಆವಿಯಾಗಿ ಹೋಯಿತು. ಯಾರಿಗೂ ಅದರಿಂದ ಕಾಸಿನ ಪ್ರಯೋಜನವಿರಲಿಲ್ಲ.

ಬಿಸಿ ದ್ರವದಲ್ಲಿ ಬೆಳೆಯುವ ಹರಳಿನ ಮೈ ನುಣುಪಾಗಿರುವುದಿಲ್ಲ. ಅಲ್ಲಲ್ಲಿ ಉಳಿದ ಕುಳಿಗಳ ಮೇಲೆ ಹೊಸ ಪದರ ಕೂಡಿಕೊಂಡಾಗ ಒಳಗಿನ ದ್ರವ ಸೆರೆಯಾಗುತ್ತದೆ. ತಣಿದಂತೆ ಹರಳಿಗಿಂತ ದ್ರವ ಹೆಚ್ಚು ಕುಗ್ಗುವುದರಿಂದ ಗಾರೆಯವನ ರಸಮಟ್ಟದಲ್ಲಿರುವಂಥ ಗುಳ್ಳೆಯೊಂದು ಮೂಡುತ್ತದೆ.

ಈ ಹನಿಗಳನ್ನು ಹಿಂದಿನವರೂ ಕಂಡಿದ್ದರು. 1822ರಲ್ಲಿ ಹಂಫ್ರಿ ಡೇವಿ ಹರಳುಗಳನ್ನು ಕೊರೆದು ನೀರನ್ನೂ ಗುಳ್ಳೆಯ ಅನಿಲವನ್ನೂ ಪರೀಕ್ಷಿಸಿದ. ಮರುವರ್ಷ ಡೇವಿಡ್ ಬ್ರೂಸ್ಟರ್ ಪುಷ್ಯರಾಗದಂಥ ಹರಳುಗಳಲ್ಲಿ ವಿಚಿತ್ರ ದ್ರವವೊಂದನ್ನು ವಿವರಿಸಿದ. ಕೈಯ ಬಿಸಿ ತಾಕಿದರೆ ಸಾಕು, ಅದು ಹಿಗ್ಗಿ ಗುಳ್ಳೆಯನ್ನೇ ನುಂಗುತ್ತಿತ್ತು. ಅದು ದ್ರವರೂಪದ ಇಂಗಾಲದ ಡೈಆಕ್ಸೈಡ್ ಎಂದು ಫೋಗೆಲ್‌ಸಾಂಗ್ ಮತ್ತು ಗೈಸ್ಲರ್ ತೋರಿಸಿದ್ದು 1869ರಲ್ಲಿ.

ಆದರೆ ಹನಿಯನ್ನು ದಾಖಲೆಯಾಗಿ ಓದಬಹುದೆಂದು ಹೊಳೆದದ್ದು ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿಗೆ. ಮನೆತನದ ಆಸ್ತಿಯಿದ್ದ ಸಾರ್ಬಿಗೆ ನೌಕರಿಯ ಹಂಗಿರಲಿಲ್ಲ. ಪ್ರಯೋಗಶಾಲೆ ಮನೆಯಲ್ಲೇ ಇತ್ತು. ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಡುತ್ತಿದ್ದ. ಬೆಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದುಂಟೇ ಎಂದು ನಕ್ಕವರಿದ್ದರು. ಆತನ ತರ್ಕ ಮಾತ್ರ ಸರಳವಾಗಿತ್ತು. ಹರಳನ್ನು ಮತ್ತೆ ಕಾಯಿಸಿದರೆ ದ್ರವ ಹಿಗ್ಗಿ ಗುಳ್ಳೆ ಮಾಯವಾಗುತ್ತದೆ. ಹರಳು ಹುಟ್ಟಿದಾಗ ಕಡೇಪಕ್ಷ ಅಷ್ಟು ಬಿಸಿಯಾದರೂ ಇದ್ದಿರಲೇಬೇಕು. ಆಳದ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದಕ್ಕಿಂತಲೂ ಹೆಚ್ಚು. ಉಪ್ಪಿನ ದ್ರಾವಣಗಳಲ್ಲಿ ತಾನೇ ಹರಳು ಬೆಳೆಸಿ ಹೋಲಿಸಿ ನೋಡಿ, 1858ರಲ್ಲಿ ಪ್ರಬಂಧ ಪ್ರಕಟಿಸಿದ. ಗ್ರಾನೈಟ್ ಹುಟ್ಟಿದ್ದು ನೀರಿನಲ್ಲೋ ಬೆಂಕಿಯಲ್ಲೋ ಎಂಬ ಹಳೆಯ ಜಗಳಕ್ಕೆ ಸಾರ್ಬಿಯ ಉತ್ತರ, ಎರಡೂ ಬೇಕಾಯಿತು ಎಂಬುದು.

ಅದಿರು ಹುಡುಕುವವರು ಈ ವಿದ್ಯೆಯನ್ನು ಮನಸ್ಸಿಟ್ಟು ಕಲಿಯಲು ನೂರು ವರ್ಷ ಹಿಡಿಯಿತು. ಕೋಟ್ಯಂತರ ವರ್ಷ ಹನಿ ಸೋರದೆ ಉಳಿದೀತೇ ಎಂಬ ಸಂಶಯ 1950ರ ದಶಕದಲ್ಲೂ ಇತ್ತು, ನ್ಯಾಯವಾದ ಸಂಶಯವೇ. ಅಮೆರಿಕದ ಎಡ್ವಿನ್ ರೋಡರ್ ಮತ್ತು ಬ್ರಯನ್ ಸ್ಕಿನ್ನರ್ 1968ರಲ್ಲಿ ಪ್ರಕಟಿಸಿದ ಪ್ರಯೋಗ, ಭಾರಿ ಒತ್ತಡದ ವ್ಯತ್ಯಾಸದಲ್ಲೂ ಹನಿಗಳು ಸೋರುವುದಿಲ್ಲವೆಂದು ತೋರಿಸಿತು. ಕಾಯಿಸುವುದರ ಜೊತೆಗೆ ಹೆಪ್ಪುಗಟ್ಟಿಸುವ ಕ್ರಮವೂ ಆಗ ನೆಲೆಯೂರಿತು. ಉಪ್ಪು ಹೆಚ್ಚಿದ್ದಷ್ಟೂ ಹನಿಯ ಮಂಜು ಸೊನ್ನೆ ಡಿಗ್ರಿಗಿಂತ ಕೆಳಗೇ ಕರಗುತ್ತದೆ. ಸೊನ್ನೆಗಿಂತ 56.6 ಡಿಗ್ರಿ ಸೆಲ್ಸಿಯಸ್ ಕೆಳಗೆ ಏನಾದರೂ ಕರಗಿದರೆ ಅದು ಶುದ್ಧ ಇಂಗಾಲದ ಡೈಆಕ್ಸೈಡ್. ಹೀಗೆ ಹರಳನ್ನು ಒಡೆಯದೆಯೇ ದ್ರವದ ರಸಾಯನ ತಿಳಿಯುತ್ತದೆ. ಒಂದು ಎಚ್ಚರಿಕೆ ಬೇಕು: ಹರಳು ಬೆಳೆದ ಮೇಲೆ ಬಿರುಕು ಬಿಟ್ಟು, ಬೇರೆ ನೀರು ನುಗ್ಗಿ ಮತ್ತೆ ಬೆಸೆದುಕೊಂಡಿದ್ದರೆ ಆ ಹನಿ ಹೇಳುವುದು ಬೇರೆಯದೇ ಕಥೆ. ಅವೆರಡನ್ನೂ ಬೇರ್ಪಡಿಸುವ ಕಣ್ಣು ಅಭ್ಯಾಸದಿಂದಲೇ ಬರಬೇಕು.

ಈ ಪರೀಕ್ಷೆ ಕೋಲಾರದ ಬೆಣಚುಕಲ್ಲಿಗೂ ನಡೆಯಿತು. ಸಿಕ್ಕಿದ್ದು ಇಂಗಾಲದ ಡೈಆಕ್ಸೈಡ್ ಬೆರೆತ, ಉಪ್ಪು ಕಡಿಮೆಯಿರುವ ನೀರು. ಆಸ್ಟ್ರೇಲಿಯ, ಕೆನಡಾಗಳ ಅಂಥದೇ ಹಳೆಯ ಚಿನ್ನದ ಶಿಲೆಗಳಲ್ಲೂ ಹೆಚ್ಚುಕಡಿಮೆ ಇದೇ ದ್ರವವಿದೆ. ಉಪ್ಪು ಕಡಿಮೆಯಾದ ಇಂಥ ನೀರಿನಲ್ಲಿ ಚಿನ್ನ ಮುಖ್ಯವಾಗಿ ಗಂಧಕದ ಜೊತೆಗೂಡಿ ಕರಗಿರುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಅಂಥ ನೀರು ಕಬ್ಬಿಣ ಹೇರಳವಾಗಿರುವ ಕಪ್ಪು ಶಿಲೆಗೆ ತಾಕಿದಾಗ ಗಂಧಕವನ್ನು ಕಬ್ಬಿಣ ಸೆಳೆದುಕೊಳ್ಳುತ್ತದೆ. ಜೊತೆಗಾರನನ್ನು ಕಳೆದುಕೊಂಡ ಚಿನ್ನ ಅಲ್ಲೇ ಕೂರುತ್ತದೆ. ಕೋಲಾರದ ಚಿನ್ನದ ಪಟ್ಟಿಗಳ ಆಚೀಚೆ ಇರುವುದು ಅಂಥ ಕಪ್ಪು ಶಿಲೆಯೇ.